ಮಣ್ಣಿಗೆ ಕೊಟ್ಟ ಮಾರ್ಕು

ಎಲ್ಲ ಮಣ್ಣಿಗೂ ಮಾರ್ಕು ಕೊಡಬೇಕು, ನೂರರೊಳಗೆ.
ಶಾಲೆಯ ಹಾಗಲ್ಲ ಇಲ್ಲಿ. ಹೆಚ್ಚು ಬಂದದ್ದು
ಹೆಚ್ಚು ನೀರನ್ನು ಬೇಡವೆಂದದ್ದು.
ಮೊಗ್ರಾಲಿನ ಹೊಯಿಗೆಗೆ ಮೂವತ್ತೊಂಬತ್ತು.
ಬಯಲ ಜೇಡಿಗೆ ಎಂಬತ್ತೊಂದು.
ತಾರು ರಸ್ತೆಗೆ ತೊಂಬತ್ತೆಂಟು, ಅದು ಯಾವಾಗಲೂ ಮೊದಲು.
ಪೆರ್ಮುದೆಯ ಪದವಿಗೆ, ಕರಿಹಿಡಿದ ಮುರಕಲ್ಲಿಗೆ
ಕಣ್ಣು ಮುಚ್ಚಿ ತೊಂಬತ್ತಾರು ಬರೆದೆ.

ಕಬ್ಬಿಣದ ಬಳೆ ಎರಡು, ಒಂದರೊಳಗೊಂದು,
ಸುತ್ತಿಗೆಯಲ್ಲಿ ಬಡಿದು ನೆಲಕ್ಕಿಳಿಸಿ
ನೀರು ತುಂಬಿ, ಗಡಿಯಾರ ಹಿಡಿದು
ಕುಕ್ಕರುಗಾಲಲ್ಲಿ ಕೂರುವುದು ನನ್ನ ಕೆಲಸ.
ಹೊಯಿಗೆಯಲ್ಲಿ ಹೊಯ್ದದ್ದು ಹೊಯ್ದಲ್ಲೇ ಮಾಯ.
ನಫೀಸುಮ್ಮ ಹೊಸ್ತಿಲಲ್ಲಿ ನಿಂತು ನಕ್ಕರು:
"ಬಾವಿಗೆ ಇಲ್ಲಿಂದಲೇ ನೀರು ಹಾಕ್ತೀಯಾ ಮಗಳೇ,
ಹಗ್ಗ ಕೊಡಪಾನದ ಹಂಗಿಲ್ಲದೆ?"
ಬಯಲಿನಲ್ಲಿ ಬಳೆಯೊಳಗೆ ಮಧ್ಯಾಹ್ನದವರೆಗೂ
ಒಂದೇ ಮೋಡ ನಿಂತಿತ್ತು;
ಏಡಿಮರಿಯೊಂದು ಅಂಚು ಮುಟ್ಟಿ
ಏನೋ ನೆನಪಾದಂತೆ ಹಿಂದೆ ಹೋಯಿತು.
ಪದವಿನಲ್ಲಿ ಬಳೆಯೇ ಇಳಿಯಲಿಲ್ಲ.
ಸುತ್ತಿಗೆಯ ಹಿಡಿ ಮುರಿದ ಮೇಲೆ ವಹಿಯಲ್ಲಿ ಬರೆದೆ:
ಅಳತೆ ಸಾಧ್ಯವಿಲ್ಲ. ಬಂಡೆಯೆಂದು ತಿಳಿಯುವುದು.

ಗೊತ್ತಿದ್ದರೂ ತಿಳಿಯುವುದೇ,
ಗೊತ್ತಿಲ್ಲದಿದ್ದರೂ ತಿಳಿಯುವುದೇ.
ಈ ಸೌಕರ್ಯ ನಮ್ಮ ಭಾಷೆಯಲ್ಲಿದೆ.

ಆಟಿ ಹನ್ನೆರಡರ ರಾತ್ರಿ ಮಳೆ ಬಂತು.
ಹೆಂಚಿನ ಮೇಲೆ ಯಾರೋ ಇಡೀ ರಾತ್ರಿ
ಹುರುಳಿ ಅಳೆದು ಅಳೆದು ಸುರಿದಂತೆ.
ಬೆಳಗ್ಗೆ ಮಾಪಕದಲ್ಲಿ
ನೂರ ಐವತ್ತೆರಡು ಮಿಲಿಮೀಟರು.
ಲೆಕ್ಕ ಹೇಳಿತು: ಹತ್ತು ಗಂಟೆಯೊಳಗೆ
ಮೋರಿಯ ಬಳಿ ತೋಡು ಎದೆಮಟ್ಟ.
ಶಾಲೆಗೆ ಫೋನು ಮಾಡಿ ರಜೆ ಕೊಡಿಸಿದೆ.
ಅಂಗಡಿಯ ಚನಿಯಪ್ಪ ನನ್ನ ಮಾತು ಕೇಳಿ
ಅಕ್ಕಿ, ಸಕ್ಕರೆ, ಬೀಡಿ ಕಟ್ಟು ಎಲ್ಲ ಅಟ್ಟಕ್ಕೇರಿಸಿದ,
ತಾನೂ ಏರಿ ಕುಳಿತ.
ತೋಡು ಬಂತು. ಕೆಂಪಗೆ, ಗದ್ದಲ ಮಾಡುತ್ತ ಬಂತು.
ಮೊಣಕಾಲಿಗೆ ಬಂದು ನಿಂತಿತು.
ಮಕ್ಕಳು ಅದರಲ್ಲಿ ಚಪ್ಪಲಿ ತೇಲಿಬಿಟ್ಟರು.

ನಾನು ಮೊದಲು ಹುಡುಕಿದ್ದು ನನ್ನ ತಪ್ಪನ್ನು,
ಆಮೇಲೆ ನೀರನ್ನು.
ದಶಮಾಂಶದ ಚುಕ್ಕಿಗಳ ಅಡಿಯಲ್ಲೆಲ್ಲ ತಡಕಿದೆ.
ಇಳಿಜಾರು ಸರಿ. ಕ್ಷೇತ್ರಫಲ ಸರಿ. ಗುಣಾಕಾರ ಸರಿ.
ಒಂದು ಗುಡ್ಡದಷ್ಟು ಮಳೆ ಎಲ್ಲಿಯೂ ಇಲ್ಲ.

ನಾಲ್ಕನೆಯ ದಿನ ಕುಂಞಂಬು ಬಂದರು.
ಅರುವತ್ತು ಸುರಂಗ ಕೊರೆದ ಮನುಷ್ಯ,
ಬಯಲಲ್ಲಿ ನಡೆವಾಗಲೂ ಬೆನ್ನು
ಸುರಂಗದ ಎತ್ತರಕ್ಕೇ ಬಗ್ಗಿರುತ್ತದೆ.
ಮಾತಿಲ್ಲದೆ ಪದವಿಗೆ ಹತ್ತಿಸಿ,
ಮುಳಿಹುಲ್ಲು ಸರಿಸಿ ತೋರಿಸಿದರು
ಒಂದು ಬಿರುಕು. ನನ್ನ ಕಿರುಬೆರಳ ಅಗಲ.
ಸುತ್ತಲ ಕಸಕಡ್ಡಿ, ಎಲೆ, ಸತ್ತ ಗೆದ್ದಲಿನ ರೆಕ್ಕೆ
ಎಲ್ಲ ಅದರ ಕಡೆಗೇ ತಲೆಮಾಡಿ ಮಲಗಿದ್ದವು.
"ಇದಕ್ಕೆಷ್ಟು ಮಾರ್ಕು ಟೀಚರೇ?"

ಕೆಳಗೆ, ಗುಡ್ಡದ ಮಗ್ಗುಲಲ್ಲಿ, ಸುರಂಗದ ಬಾಯಿ.
ಮೊನ್ನೆಯವರೆಗೆ ಬೆರಳು ಗಾತ್ರ ಬರುತ್ತಿದ್ದ ನೀರು
ಮಣಿಕಟ್ಟಿನಷ್ಟಾಗಿದೆ,
ಮಳೆ ಬಿಟ್ಟು ನಾಲ್ಕು ದಿನದ ಮೇಲೆ,
ಯಾರಿಗೂ ಹೆದರಿಸದೆ, ತಣ್ಣಗೆ,
ತಿಳಿಯಾಗಿ.
ಕೈಯೊಡ್ಡಿದೆ. ಗಡಿಯಾರ ನೋಡುವುದು ಮರೆಯಿತು.
ಮತ್ತೆ ನೆನಪಾಗಿ
ಬಾಲ್ದಿ ಇಟ್ಟು ಎಣಿಸಿದೆ: ಇಪ್ಪತ್ತೆರಡು ಸೆಕೆಂಡಿಗೆ ಒಂದು ಬಾಲ್ದಿ.
ಕುಂಞಂಬು ಎಣಿಸಲಿಲ್ಲ,
ಮುಖ ತೊಳೆದುಕೊಂಡರು.

ತೊಂಬತ್ತಾರು ಹೊಡೆದುಹಾಕಿ ಎಪ್ಪತ್ತು ಬರೆದಿದ್ದೇನೆ.
ಎಪ್ಪತ್ತೂ ಸರಿಯಲ್ಲ.
ಪದವಿನ ಆಚೆ ಬದಿಯಲ್ಲಿ ಕಲ್ಲು ಕೊಯ್ಯುವ ಗರಗಸ
ಬೆಳಗ್ಗೆ ಏಳಕ್ಕೆ ಶುರುವಾಗುತ್ತದೆ,
ಚೌಕ ಚೌಕವಾಗಿ ಗುಡ್ಡ ಲಾರಿ ಹತ್ತುತ್ತದೆ,
ಬಿರುಕುಗಳ ಸಮೇತ.
ತಿಂಗಳಿಗೊಮ್ಮೆ ಹೊಸ ಮಾರ್ಕು ಹಾಕಬೇಕಾದೀತು.
ಅಷ್ಟರೊಳಗೆ ಇನ್ನೊಂದು ಮಳೆ.
ಈ ಸಲ ನಿಜವಾಗಿಯೂ ಎದೆಮಟ್ಟ ಬಂದರೆ
ಶಾಲೆಯವರು ನನ್ನ ಫೋನು ಎತ್ತುತ್ತಾರೋ ಇಲ್ಲವೋ.